ಗೇಜಿನ ಮುಳ್ಳು

ಬೆಳಿಗ್ಗೆ ಎಂಟಕ್ಕೆ ಪೀಣ್ಯದ ಗೋಡೌನಿನಲ್ಲಿ
ನಿಂತುಕೊಂಡೇ ಮೀಟಿಂಗು.
ನಾವು ಕೂತರೆ ಸೇಲ್ಸೂ ಕೂತುಬಿಡುತ್ತದಂತೆ.
ಬಿಳಿ ಬೋರ್ಡಿನ ಮೇಲೆ ಹದಿನಾಲ್ಕು ಹೆಸರು,
ಕಟ್ಟಕಡೆಗೆ, ಕೆಂಪು ಮಾರ್ಕರಿನಲ್ಲಿ, ನನ್ನದು:
ಚೌಡಪ್ಪ, ನಾಲ್ಕು.
ಆಗಬೇಕಾದ್ದು ಇಪ್ಪತ್ತು.
ಮೊದಲಿನವನಿಗೆ ಎಲ್ಲರೂ ಚಪ್ಪಾಳೆ ತಟ್ಟಬೇಕು.
ತಟ್ಟಿದೆ. ಗ್ರೀಸು ಮೆತ್ತಿದ ಅಂಗೈ,
ಸದ್ದು ಕಡಿಮೆ.

"ನೀವು ಮೆಕ್ಯಾನಿಕ್ ಅಲ್ಲ, ಕಂಫರ್ಟ್ ಅಡ್ವೈಸರ್"
ಎನ್ನುತ್ತಾರೆ ಶ್ರೀವತ್ಸ ಸರ್.
"ಗೇಜು ಹಾಕಿ. ಗ್ರಾಹಕರನ್ನು ಕರೆದು ತೋರಿಸಿ.
ಹುಬ್ಬು ಗಂಟಿಕ್ಕಿ. ಎರಡು ಕ್ಷಣ ಸುಮ್ಮನಿರಿ.
ಆಮೇಲೆ ಹೇಳಿ, ಗ್ಯಾಸು ಇಳಿದಿದೆ ಅಂತ."
ಆ ಎರಡು ಕ್ಷಣಕ್ಕೆ
ಅರ್ಧ ದಿನ ಟ್ರೈನಿಂಗು ಕೊಟ್ಟಿದ್ದರು.

ಕಲಾಸಿಪಾಳ್ಯದ ಓಣಿಯಲ್ಲಿ ಕೆಲಸ ಕಲಿಸಿದ ಖಲಂದರ್ ಭಾಯ್
ಹಣೆ ಮುಟ್ಟಿ ಜ್ವರ ನೋಡುವ ಹಾಗೆ
ಪೈಪು ಮುಟ್ಟಿ ರೋಗ ಹೇಳುತ್ತಿದ್ದರು.
ನಮಗೆ ಹೇಳುತ್ತಿದ್ದದ್ದು ಒಂದೇ ಮಾತು:
ಮುಳ್ಳು ನೋಡು, ಮುಖ ನೋಡಬೇಡ.
ಅವರ ಅಂಗಡಿಯಿದ್ದ ಜಾಗದಲ್ಲಿ ಈಗ
ಮೊಬೈಲ್ ಕವರು ಮಾರುತ್ತಾರೆ.

ಇವತ್ತಿನ ಮೂರನೇ ಕಾಲ್, ಮೂಡಲಪಾಳ್ಯ.
ಲಿಫ್ಟಿಲ್ಲದ ಮೂರು ಮಹಡಿ, ಹೆಗಲ ಮೇಲೆ ಸಿಲಿಂಡರು.
ಬೇಕಿರಲಿ ಬೇಡವಾಗಿರಲಿ, ಹೊತ್ತೇ ಹೋಗಬೇಕು, ಅದೂ ರೂಲ್ಸು.
ಸಗಾಯಮೇರಿ. ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ,
ಹಗಲು ಮಲಗುವವರು.
ಏಪ್ರಿಲ್ಲು, ತಾರಸಿಗೆ ತಲೆಕೊಟ್ಟ ಕೋಣೆ,
ಕಂತಿನಲ್ಲಿ ತಂದ ಏಸಿ,
ಕಿಟಕಿ ಗಾಜಿಗೆ ಅಂಟಿಸಿದ ಹಳೇ ಎಕ್ಸ್‌ರೇ ಹಾಳೆಗಳು.
ಯಾರದೋ ಪಕ್ಕೆಲುಬಿನ ಸಂದಿಯಿಂದ
ಹಾಸಿಗೆಯ ಮೇಲೆ ಬಿಸಿಲು.

ಮೊದಲು ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು.
ಫಿಲ್ಟರು ತೆಗೆದೆ, ಅಗೆದ ರಸ್ತೆಯೆಲ್ಲ ಅಲ್ಲೇ ಕೂತಿತ್ತು.
ಔಟ್‌ಡೋರಿನ ಹಿಂದೆ ಪಾರಿವಾಳದ ಕಡ್ಡಿ, ಪುಕ್ಕ,
ಎಲ್ಲಿಂದಲೋ ಬಂದ ಒಂದು ಹಲ್ಲುಜ್ಜುವ ಬ್ರಶ್ಶು.
ತೊಳೆದೆ. ತಂಪು ಬಂತು.

ಅಷ್ಟಕ್ಕೆ ಎದ್ದು ಬರಬೇಕಿತ್ತು.
ಗೇಜು ಹಾಕಿದೆ.
ಕರೆದೆ.
ಹುಬ್ಬು ಗಂಟಿಕ್ಕಿದೆ.

ಒಂದು ಕ್ಷಣ ಕಳೆದಿತ್ತು.
ಆಕೆ ನಿದ್ದೆಗಣ್ಣು ಉಜ್ಜಿಕೊಂಡು ಬಗ್ಗಿ
ರಾತ್ರಿಯಿಡೀ ಓದುವ ರೂಢಿಯಲ್ಲೇ ಮುಳ್ಳನ್ನು ಓದಿದರು:
"ನೂರಿಪ್ಪತ್ತು."
ಆಮೇಲೆ ನನ್ನತ್ತ ತಿರುಗಿ,
"ನಮ್ಮ ಕಡೆ ಇದು ನಾರ್ಮಲ್ಲು. ನಿಮ್ಮ ಕಡೆ?"

ಕಾಮಾಕ್ಷಿಪಾಳ್ಯದ ಫೋಟೋ ಸ್ಟುಡಿಯೋದಲ್ಲಿ
ಮುಳ್ಳು ಹೀಗೇ, ಇಲ್ಲೇ ನಿಂತಿತ್ತು.
ಮೂರು ಸಾವಿರದ ಇನ್ನೂರು ಎಣಿಸಿ ಕೊಟ್ಟರು,
ಟೀ ಬೇರೆ ತರಿಸಿದರು, ಬಿಸ್ಕತ್ತಿನ ಜೊತೆ.
ಬೋರ್ಡಿನ ಮೇಲಿನ ನಾಲ್ಕರಲ್ಲಿ ಅದೊಂದು.
ಅಂಗಾಲಲ್ಲಿ ಮುರಿದುಕೊಂಡ ಮುಳ್ಳಿನ ಹಾಗೆ:
ನಡೆಯಬಹುದು, ಬೇಕಾದರೆ ಓಡಲೂಬಹುದು,
ಯಾವುದೋ ಒಂದು ಹೆಜ್ಜೆಗೆ ಮಾತ್ರ
ಜೀವ ಚುರ್ರೆನ್ನುತ್ತದೆ.

"ನಮ್ಮ ಕಡೆಯೂ" ಅಂದೆ.

"ಸ್ಕ್ಯಾನಿಂಗ್ ಎಷ್ಟಾಯ್ತು ಅಂತ ನಮ್ಮಲ್ಲೂ ದಿನಾ ಕೇಳ್ತಾರೆ,"
ಅಷ್ಟೇ ಹೇಳಿ
ನಾನ್ನೂರ ತೊಂಬತ್ತೊಂಬತ್ತು ಕೊಟ್ಟು
ಬಾಗಿಲು ಹಾಕುವ ಮುಂಚೆಯೇ ಆಕಳಿಸಿದರು.

ಮೆಟ್ಟಿಲ ಮೇಲೆ ಕೂತು ಆ್ಯಪ್ ತೆರೆದೆ.
ಮಾರಾಟ ಯಾಕಾಗಲಿಲ್ಲ? ಒಂದನ್ನು ಒತ್ತಿ.
ದುಬಾರಿ ಎಂದರು.
ಬೇರೆ ಕಂಪನಿಯವರು ಬರುತ್ತಾರೆ ಎಂದರು.
ಯಜಮಾನರನ್ನು ಕೇಳಬೇಕು ಎಂದರು.
ಏನೂ ಕೆಟ್ಟಿರಲಿಲ್ಲ ಎನ್ನುವುದಕ್ಕೆ ಬಟನ್ನೇ ಇಲ್ಲ.
ಮೇಲಿಂದ ಕೆಳಕ್ಕೆ ಎರಡು ಸಲ ಹುಡುಕಿದೆ.

ಒತ್ತದೆ ಮುಂದಿನ ಕಾಲ್ ತೆರೆಯುವುದಿಲ್ಲ,
ನಾಗರಬಾವಿಯವರು ಆಗಲೇ ಫೋನ್ ಮೇಲೆ ಫೋನ್.
ಕೊನೆಗೆ,
ಒಬ್ಬರೇ ಇರುವ ಆ ಕೋಣೆಯಲ್ಲಿ
ಒಬ್ಬ ಯಜಮಾನರನ್ನು ಹುಟ್ಟಿಸಿ
ಅವರನ್ನು ಕೇಳಬೇಕಂತೆ ಎಂದು ಒತ್ತಿ
ಸಿಲಿಂಡರು ಹೆಗಲಿಗೇರಿಸಿದೆ.
ಗುಂಜಿಯಷ್ಟೂ ಇಳಿದಿರಲಿಲ್ಲ,
ಹತ್ತುವಾಗಿನ ಭಾರವೇ.