ಏಳು ವರ್ಷದ ಮೂವತ್ತು ದಿನ

ಬೆಳಗಿನ ಐದು ಗಂಟೆ. ಟೊಲಿಡೊ ಊರಿನ ಶಾಲಾ ಬಸ್ಸುಗಳ ಅಂಗಳ.
ಗಾಜಿಗಂಟಿದ ಹಿಮವನ್ನು ವರ್ನೀಟಾ ಓಕ್ಸ್ ಕೆರೆಯುತ್ತಾಳೆ
ಹಳೆಯ ಕ್ರೆಡಿಟ್ ಕಾರ್ಡಿನ ಅಂಚಿನಿಂದ.
ಅಂಗಡಿಯವರೇ ರದ್ದು ಮಾಡಿದ ಕಾರ್ಡು.
ಇಷ್ಟಕ್ಕಾದರೂ ಬಂತಲ್ಲ, ಅನ್ನುತ್ತಾಳೆ.

ಅದರಲ್ಲಿ ಒಂದು ಫ್ರಿಜ್ಜು ಬಂದಿತ್ತು,
ಎರಡು ಬಾಗಿಲಿನದು, ಸೊಪ್ಪಿಗೆ ಬೇರೆ ಖಾನೆ.
ತಿಂಗಳಿಗೆ ಅರವತ್ತೆರಡು ಡಾಲರು.
ಹದಿನಾಲ್ಕು ಕಂತು ತಾರೀಖು ತಪ್ಪದೆ ಹೋದವು.
ಹದಿನೈದನೆಯದು ನವೆಂಬರಿನದು.

ಆ ನವೆಂಬರಿನಲ್ಲಿ ತಮ್ಮ ಲೂಷಿಯಸ್
ಗಾಜಿನ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಬಂದು
ಬೂಟಿನ ದಾರ ಬಿಚ್ಚಲು ಬಗ್ಗಿದವನು
ಬಗ್ಗಿದಂತೆಯೇ ಇದ್ದ.
ಶವಪೆಟ್ಟಿಗೆಯವರು ಮುಂಗಡ ಕೇಳಿದರು.
ಕೊಟ್ಟಳು. ಯಾರಾದರೂ ಕೊಡುತ್ತಿದ್ದರು.

ಡಿಸೆಂಬರಿನಲ್ಲಿ ಬರೆದರು: ಮೂವತ್ತು ದಿನ ತಡ.
ಜನವರಿಯಲ್ಲಿ ಅರವತ್ತು.
ಫೆಬ್ರವರಿಯಲ್ಲಿ ತೊಂಬತ್ತು.
ದುಃಖಕ್ಕೂ ಮಗ್ಗಿ ಇರುತ್ತದೆಂದು
ಅವಳಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ.

ಮಾರ್ಚಿನಲ್ಲಿ ತೆರಿಗೆಯ ದುಡ್ಡು ವಾಪಸು ಬಂತು.
ಅಸಲು, ಬಡ್ಡಿ, ದಂಡ, ಎಲ್ಲ ಎಣಿಸಿ ಕಟ್ಟಿದಳು.
ಫೋನಿನಾಚೆಯ ಹುಡುಗಿ ಒಳ್ಳೆಯವಳೇ:
ತೀರಿದೆ ಅಂತ ಬರೀತೀವಿ ಮೇಡಂ,
ಹಳೇದನ್ನ ಅಳಿಸೋದಿಲ್ಲ.
ಅಳಿಸೋದಿಲ್ಲ ಅಂದವಳೇ ಅಳಿಸಿದಳು.
ತಮ್ಮನೂ ತೀರಿದ, ಸಾಲವೂ ತೀರಿತು,
ತೀರದೆ ಉಳಿದದ್ದು ಆ ಒಂದು ಸಾಲು,
ಏಳು ವರ್ಷ.

ಶನಿ ಹಿಡಿದರೆ ಏಳೂವರೆ.
ಲೆಕ್ಕಕ್ಕೆ ಇದು ಆರು ತಿಂಗಳು ಅಗ್ಗ.
ಆದರೆ ಶನಿಗೊಂದು ಎಳ್ಳೆಣ್ಣೆಯ ದೀಪವಿದೆ,
ಶನಿವಾರವಿದೆ, ಪ್ರದಕ್ಷಿಣೆಯಿದೆ;
ಇದಕ್ಕೆ ಸುತ್ತು ಹಾಕೋಣವೆಂದರೆ ಒಂದು ಕಂಬವೂ ಇಲ್ಲ.

ಕಾರಿನ ಸಾಲಕ್ಕೆ ನೂರಕ್ಕೆ ಹದಿನೆಂಟು ಅಂದರು.
ಫೋನಿನ ಅಂಗಡಿ ಠೇವಣಿ ಕೇಳಿತು.
ಐದನೆಯ ವರ್ಷ ಫ್ರಿಜ್ಜೇ ಸತ್ತು ಗುಜರಿಗೆ ಹೋಯಿತು,
ಹೊರಲು ಇಬ್ಬರು ಬಂದಿದ್ದರು, ಮೆಟ್ಟಿಲ ಗೋಡೆಗೆ ಗೀರು ಬಿತ್ತು.
ಸಾಲು ಮಾತ್ರ ಇದ್ದಲ್ಲೇ ಇತ್ತು.

ಮಹಡಿಯನ್ನು ಬಾಡಿಗೆಗೆ ಕೊಡುವ ಮುನ್ನ
ಪೋಲಿಷ್ ಮುದುಕ ವೊಯ್ತಾಸ್ ಕನ್ನಡಕ ಹಣೆಗೇರಿಸಿ
ವರದಿಯ ಮೇಲೆ ಬೆರಳಿಟ್ಟ:
ಈ ನವೆಂಬರಿನಲ್ಲಿ ಏನಾಯಿತು?
ಚರ್ಚಿನವರು ಕೇಳುವುದು ಬಿಟ್ಟು ವರ್ಷಗಳಾಗಿದ್ದವು.
ಹೇಳಿದಳು. ಬೂಟಿನ ದಾರದವರೆಗೂ ಹೇಳಿದಳು.
ಮುದುಕ ಎರಡು ತಿಂಗಳ ಮುಂಗಡ ಕೇಳಿದವನು
ಒಂದಕ್ಕೆ ಒಪ್ಪಿದ.

ಮೊನ್ನೆ ಆ ಸಾಲು ಉದುರಿತು.
ಯಾರೂ ಕೀಳಲಿಲ್ಲ, ಹಾಲುಹಲ್ಲಿನ ಹಾಗೆ ತಾನೇ.
ನಲವತ್ತೊಂದು ಅಂಕ ಏರಿದೆ, ಅಭಿನಂದನೆ, ಎಂದಿತು ಫೋನು.
ಅವಳು ವರದಿಯನ್ನು ಮೇಲಿನಿಂದ ಕೆಳಗೆ ಮೂರು ಸಲ ಓದಿದಳು,
ಯಾರೋ ಎದ್ದು ಹೋದ ಹಾಗನ್ನಿಸಿ
ಕೋಣೆ ಕೋಣೆಯ ದೀಪ ಹಾಕಿ ನೋಡುವಂತೆ.
ಇನ್ನು ಆ ನವೆಂಬರನ್ನು ಯಾರೂ ಕೇಳುವುದಿಲ್ಲ.

ಒಳ್ಳೆಯದಾದರೆ ಹತ್ತು ವರ್ಷ ಇರುತ್ತದಂತೆ.
ತಮ್ಮನ ಕಾರಿಗೆ ಅವಳು ಜಾಮೀನು ನಿಂತಿದ್ದ ಸಾಲ,
ಒಂದು ಕಂತೂ ತಪ್ಪದೆ ಅವನೇ ಮುಗಿಸಿದ್ದು,
ಸತ್ತ ವರ್ಷದ ಮೇ ತಿಂಗಳಲ್ಲಿ.
ಅವನ ಹೆಸರಿಲ್ಲ ಅಲ್ಲಿ. ಒಂದರ ಪಕ್ಕ ಒಂದು ಹಸಿರು ಗುರುತು, ಅಷ್ಟೇ.
ಅದಕ್ಕೂ ಇನ್ನು ಎರಡೂವರೆ ವರ್ಷ.

ಬಸ್ಸು ಹೊರಟಿತು. ಮೂರನೆಯ ತಿರುವಿನಲ್ಲಿ
ನಿಂತಿರಬೇಕಾದ ಹುಡುಗ ನಿಂತಿಲ್ಲ.
ಎರಡು ನಿಮಿಷ ಕಾಯುವುದು ನಿಯಮ. ನಾಲ್ಕು ಕಾದಳು.
ಏದುಸಿರು ಬಿಡುತ್ತ ಹತ್ತಿದವನನ್ನು ಕೇಳಿದಳು,
ಏನಾಯ್ತೋ?
ಬೂಟು ಒಂದೇ ಸಿಕ್ತು, ಅಂದ.
ಇನ್ನೊಂದು ಕಾಲಲ್ಲಿ ಅಪ್ಪನ ಚಪ್ಪಲಿ.
ಬಾಗಿಲು ಮುಚ್ಚಿದಳು.
ಹೀಟರನ್ನು ಒಂದು ಹಲ್ಲು ಏರಿಸಿದಳು.