ಅಲುಗದ ಹಡಗು

ಇಡೀ ಹಡಗಲ್ಲ ನಾನು ಬಳಿಯುವುದು,
ಬರೀ ಅದರ ಬೆನ್ನು.
ಅದೂ ಕಾಂಕ್ರೀಟಿನ ಮೇಲೆ,
ಕಡಲಿಗೆ ನಲವತ್ತು ಮೈಲಿ ದೂರ,
ಜೋಳದ ಹೊಲ, ಮೆಸ್ಕೀಟ್ ಮುಳ್ಳುಕಂಟಿ,
ಬೇಲಿಗೆ ಮೈ ಉಜ್ಜುವ ಕೆಂದು ದನಗಳ ನಡುವೆ.
ಜಾಗದ ಹೆಸರು ಆರೆಂಜ್ ಗ್ರೋವ್.
ಒಂದು ಕಿತ್ತಳೆ ಗಿಡ ತೋರಿಸಿದವರಿಗೆ
ಬಿಳಿ ಬಣ್ಣದ ಡಬ್ಬಿ ಬಿಟ್ಟಿ.

ವರ್ಷಕ್ಕೆರಡು ಸಲ ಕರೆ ಬರುತ್ತದೆ: ಗೆರೆ ಕಾಣುತ್ತಿಲ್ಲ.
ಹೇಗೆ ಕಂಡೀತು?
ಕಲಿಯುವ ಹುಡುಗರು ಬಿಳಿ-ಕೇಸರಿ ಜೆಟ್ಟುಗಳಲ್ಲಿ ಬಂದು
ಅದೇ ಜಾಗಕ್ಕೆ ಗಾಲಿ ಕುಟ್ಟಿ ಕುಟ್ಟಿ
ರಬ್ಬರಿನ ಕಾಡಿಗೆ ತೀಡಿ ಹೋಗುತ್ತಾರೆ.
ನಾನೂ ಹಿಲಾರಿಯೊನೂ ದಾರಕ್ಕೆ ಸುಣ್ಣ ಮೆತ್ತಿ,
ಎರಡು ತುದಿ ಎಳೆದು ಹಿಡಿದು, ಟಪ್ಪನೆ ಮೀಟಿ,
ಮತ್ತೆ ಹಡಗು ಕಟ್ಟುತ್ತೇವೆ.
ನೋಹನಿಗೆ ಮರ ಬೇಕಾಯಿತು, ಎನ್ನುತ್ತಾನೆ ಅವನು,
ನಮಗೆ ಹದಿನಾಲ್ಕು ಡಬ್ಬಿ ಸಾಕು.

ರನ್‌ವೇಯ ಎಡಕ್ಕೆ ದೀಪದ ಪೆಟ್ಟಿಗೆ.
ಹಸಿರು ಸಾಲಿನ ನಡುವೆ ಹಳದಿ ಚೆಂಡು ನಿಂತರೆ ಸರಿ,
ಏರಿದರೆ ನೀನು ಎತ್ತರ, ಇಳಿದರೆ ತಗ್ಗು,
ಕೆಂಪಾದರೆ ಹೇಳಬೇಕಿಲ್ಲ.
ಪಕ್ಕದಲ್ಲಿ ಫೋನ್ ಹಿಡಿದು ಥಿಬೊಡೊ,
ಲೂಯಿಸಿಯಾನದ ಸಿಗಡಿ ದೋಣಿಯವರ ಮಗ.
ರಾತ್ರಿಯಿಡೀ ಅವನ ಮಾತು ಒಂದೇ: ಪವರ್.
ತೀರಾ ಕೆಟ್ಟರೆ: ಪವರ್, ಪವರ್.
ಒಮ್ಮೆ ಕಾಫಿ ಬಗ್ಗಿಸಿ ಕೊಡುತ್ತಾ ಅಂದ:
ಗಾಲಿ ಮುಟ್ಟಿದೊಡನೆ ಎಂಜಿನ್ ಪೂರ್ತಿ ತೆರೆಯಬೇಕು,
ಕೊಕ್ಕೆ ತಂತಿಗೆ ಸಿಕ್ಕಿತೋ ಇಲ್ಲವೋ
ತಿಳಿಯುವುದಕ್ಕೂ ಮೊದಲು.
ಸಿಗದಿದ್ದರೆ ಹಾರಬೇಕಲ್ಲ.

ಬಂದು ಸೇರಿದ ಗಳಿಗೆಯಲ್ಲೇ
ಹೊರಟುಹೋಗುವ ಪೂರ್ತಿ ಜೋರು.
ನನ್ನ ಮೊದಲ ಹೆಂಡತಿ
ಯಾರೂ ಕಲಿಸದೆ ಇದನ್ನು ಬಲ್ಲಳು.

ಭಾನುವಾರ. ನಡುಗೆರೆ ಇನ್ನೂ ಹಸಿ.
ಥಿಬೊಡೊ ಬಿಟ್ಟ ಗೇಟಿನಿಂದ ಒಬ್ಬ ಹುಡುಗಿ
ಚಪ್ಪಟೆ ಬಿಸಿಲಿನಲ್ಲಿ ನಡೆದು ಬಂದಳು.
ಟೊಲೆಫ್ಸನ್, ಎಂದಳು, ಹೆಸರು ಕೇಳಿದ್ದಕ್ಕೆ.
ಮಿನ್ನೆಸೋಟದವಳು,
ಹೆಪ್ಪುಗಟ್ಟಿದ ಕೆರೆಯ ಮೇಲೆ ಅಪ್ಪನ ಟ್ರಕ್ ಓಡಿಸಿದವಳು.
ಹೋದ ವಾರ ನಿಜದ ಹಡಗಿಗೆ ಹೋಗಿದ್ದಳಂತೆ.
ಐದು ಸಲ ಇಳಿದಳು.
ಐದು ಸಲವೂ ಕೊಕ್ಕೆ ಕಿಡಿ ಕಾರುತ್ತಾ
ನಾಲ್ಕೂ ತಂತಿ ದಾಟಿ ಹೋಯಿತು.
ತೈಲ ತೀರುವ ಮುಂಚೆ ದಡಕ್ಕೆ ಕಳಿಸಿದರು.
ಇನ್ನೊಂದು ಅವಕಾಶ ಇದೆ, ಎಂದಳು. ಒಂದೇ.

ಹೆಜ್ಜೆ ಎಣಿಸಿದಳು.
ಇಲ್ಲಿ ಮೊದಲನೆಯದು, ಇಲ್ಲಿ ಎರಡನೆಯದು.
ಮೂರನೆಯದು ಇರಬೇಕಾದಲ್ಲಿ ನಿಂತಳು.
ತಂತಿಗಳನ್ನು ನಾವು ಬಳಿಯುವುದಿಲ್ಲ.
ಅಲ್ಲಿ ಏನೂ ಇರಲಿಲ್ಲ.

ನೀವು ಹಡಗು ನೋಡಿದ್ದೀರಾ?
ಇಲ್ಲ, ಎಂದೆ. ಕಾರ್ಪಸ್‌ನಲ್ಲಿ ಹಳೆಯದೊಂದು ಕಟ್ಟಿಹಾಕಿದ್ದಾರೆ,
ಟಿಕೆಟ್ಟಿನ ಸಾಲು ಉದ್ದ.
ನಿಮ್ಮದು ಅಲುಗುವುದಿಲ್ಲ, ಎಂದಳು, ಅದೇ ತೊಂದರೆ.
ಅಲ್ಲಿ ಅದು ಸರಿದು ಸರಿದು ಹೋಗುತ್ತಿರುತ್ತೆ,
ಬಸ್ಸು ತಪ್ಪಿದವಳ ಹಾಗೆ ನಾನು ಹಿಂದೆ.

ಕ್ಷಮೆ ಕೇಳಬೇಕೇ ಎಂದು ಯೋಚಿಸುತ್ತಿದ್ದೆ.
ಹಿಲಾರಿಯೊ ಅಂದ: ಎರಡು ಟೆಕೀಲಾ ಹಾಕಿ ಬಾ, ಮಗಳೇ,
ಇದೂ ಅಲುಗುತ್ತೆ.
ನಕ್ಕು ಹಿಂದೆ ಸರಿದಳು.
ಹಸಿ ಬಿಳುಪಿನಲ್ಲಿ ಒಂದು ಹಿಮ್ಮಡಿ.
ಅಯ್ಯೋ, ಎಂದಳು. ಬಿಡಿ, ಎಂದೆ.

ಅವಳು ಹೋದ ಮೇಲೆ ರೋಲರ್ ಎತ್ತಿದೆ.
ಅದನ್ನು ಒಣಗಲು ಬಿಟ್ಟು
ಪಕ್ಕದ ಗೆರೆಗೆ ಹೋದೆ.
ಇಪ್ಪತ್ತೆರಡು ವರ್ಷದಲ್ಲಿ ಇದೊಂದು ಕಳ್ಳತನ.

ಬುಧವಾರ ರಾತ್ರಿ ಟ್ರಕ್ ನಿಲ್ಲಿಸಿ ಜೋಳದ ಅಂಚಿನಲ್ಲಿ ಕೂತೆ.
ಆರು ಜೆಟ್ಟು, ಒಂದರ ಬೆನ್ನಿಗೊಂದು.
ಧಡ್. ಬೊಬ್ಬೆ. ಕತ್ತಲು.
ಧಡ್. ಬೊಬ್ಬೆ. ಕತ್ತಲು.
ಜಿಂಕೆಗಳೂ ಕಿವಿ ಎತ್ತುವುದನ್ನು ಬಿಟ್ಟಿದ್ದವು.
ಬೇಲಿಯ ಈಚೆಗೆ
ಯಾರದು ಯಾವುದೆಂದು ತಿಳಿಯುವುದಿಲ್ಲ.

ಬೆಳಿಗ್ಗೆ ಹೋಗಿ ನೋಡಿದೆ. ಹಿಮ್ಮಡಿ ಇಲ್ಲ.
ಅದು ಇದ್ದಲ್ಲಿ, ಬೆರಳಗಲ ಅತ್ತಿತ್ತಾಗದೆ,
ಮುಂಗಾಲಿಯ ಮೊಳದುದ್ದ ಕಪ್ಪು.

ಹಿಲಾರಿಯೊ ಡಬ್ಬಿ ಕಲಕುತ್ತಾ ಕೇಳಿದ: ಬಳಿಯೋಣವಾ?
ಇನ್ನೂ ಕಾಣುತ್ತಿದೆ, ಎಂದೆ.