ಷರಾ

ಭಾನುವಾರ, ಸೂಸ್ ಗುಡ್ಡದ ನೆತ್ತಿ.
ಹನ್ನೊಂದು ಮಕ್ಕಳು, ಒಂದು ಬಾಟಲಿ ನೀರು,
ಕಚೇರಿಯಿಂದ ನಾನು ಕದ್ದು ತಂದ ಹಾಳೆಗಳು.

ಮುದುಡಿ ಅಂದೆ, ಮುದುಡಿದರು.
ಇನ್ನು ಬಿಡಿಸಿ, ಪೂರ್ತಿ ಬೇಡ,
ಗುಡ್ಡ ಗುಡ್ಡವಾಗಿ ನಿಲ್ಲಲಿ.
ಏಣುಗಳ ಮೇಲೆ ಸ್ಕೆಚ್ ಪೆನ್ನು ಎಳೆದರು.
ನಾಲ್ಕು ಹನಿ ಚಿಮುಕಿಸಿದೆ:
ಬಣ್ಣ ಕರಗಿತು, ತಡವರಿಸಿತು,
ಮಡಿಕೆಯಿಂದ ಮಡಿಕೆಗೆ ಇಳಿದು
ಒಂದು ತಗ್ಗಿನಲ್ಲಿ ಕೂಡಿಕೊಂಡಿತು.
ಇದಕ್ಕೆ ಜಲಾನಯನ ಅನ್ನುತ್ತಾರೆ.
'ನಯನಾ ಅಂದ್ರ ಸೂಪರ್‌ವೈಜರ್ ಮಗಳು ಅದಾಳ್ರೀ'
ಎದ್ದು ನಿಂತು ಹೇಳಿದ ಮೈಲಾರಿ.
ಎಲ್ಲರೂ ನಕ್ಕರು. ನಾನೂ.

ಸಾಬಮ್ಮ ನಗಲಿಲ್ಲ.
ತನ್ನ ಹಾಳೆಯ ತಗ್ಗಿಗೆ ಬೆರಳಿಟ್ಟು
'ಇಲ್ಲೇ ನಮ್ಮ ಶೆಡ್ಡು' ಅಂದಳು.
ಹೋದ ಶ್ರಾವಣದ ಒಂದು ರಾತ್ರಿ
ಸ್ಟೋವು, ಅಪ್ಪನ ಚಪ್ಪಲಿ, ಅಕ್ಕಿ ಡಬ್ಬಿ
ಒಂದೊಂದಾಗಿ ಹೊಸ್ತಿಲು ದಾಟಿ ಹೋದವಂತೆ,
ಕೆಲಸಕ್ಕೆ ಹೊರಟವರ ಹಾಗೆ.

ಕೆಳಗೆ ಹಸಿರು ಬಲೆ ಹೊದ್ದ ಹನ್ನೊಂದು ಮಹಡಿ,
ಅದರ ಬುಡದಲ್ಲಿ ತಗಡಿನ ಸಾಲು,
ತಗಡಿನ ಬುಡದಲ್ಲಿ ಒಂದು ಹಳ್ಳವಿತ್ತು.
ಈಗ ಪೈಪಿದೆ.

ನಕ್ಷೆ ಬಿಡಿಸಿದೆ. ನಮ್ಮ ಕಚೇರಿಯದೇ,
ಬಣ್ಣ ತುಂಬಿದವಳೂ ನಾನೇ.
'ಅಗಾ ನೀರು!' ನೀಲಿಯ ಮೇಲೆ ಐದಾರು ಬೆರಳು.
ಅಲ್ಲ, ನೀಲಿ ಅಂದರೆ ಅಂಗಡಿ.
ಹಳದಿ ಅಂದರೆ ಮನೆ.
'ಮತ್ತ ನೀರು?'
ಹುಡುಕಿದೆ. ಹಳದಿಯ ಅಡಿಯಲ್ಲಿ
ಕೂದಲೆಳೆಯಂಥ ಚುಕ್ಕಿಗೆರೆ.
ಒಂದು ಕಡೆ ನನ್ನ ಕುಂಚ ಜಾಸ್ತಿ ಅದ್ದಿ
ಅದೂ ಮುಳುಗಿದೆ.

'ಎಲ್ಲಿಗಿ ಹೋಗ್ತದ್ರೀ ಇದು?'
ಮೂಡಲಿಗೆ ಕೈಚಾಚಿ ಹೇಳುತ್ತ ಹೋದೆ:
ರಾಮನದಿ, ಮುಳಾ, ಸಂಗಮದಲ್ಲಿ ಮುಠಾ,
ಆಮೇಲೆ ಭೀಮಾ, ಉಜನಿ ಅಣೆಕಟ್ಟು, ಪಂಢರಪುರ,
ಗಡಿ ದಾಟಿ ಅಫಜಲಪುರ, ಸನ್ನತಿ...
'ಸನ್ನತಿ? ಅದು ನಮ್ಮ ಹೊಳಿ ಅದರೀ!'
ಹನ್ನೊಂದೂ ಮಕ್ಕಳು ಗುಡ್ಡದ ಅಂಚಿಗೆ ಓಡಿದರು
ಊರು ಕಂಡೀತೇನೋ ಎಂಬಂತೆ.

'ಹಂಗಾರ ನಾವು ಇಲ್ಲಿ ಉಚ್ಚಿ ಹೊಯ್ದದ್ದೂ?'
ಹೌದು ಮೈಲಾರಿ, ಅದೂ.
'ಈ ಬಿಲ್ಡಿಂಗಿನ ಕಕ್ಕಸದ್ದೂ?'
ಹೌದು.
ಸ್ವಲ್ಪ ಹೊತ್ತು ಬರಿ ಗಾಳಿ.
'ದೊಡ್ಡವ್ವ ಅದೇ ನೀರು ಕುಡೀತಾಳ'
ಅಂದಳು ಸಾಬಮ್ಮ, ಯಾರಿಗೂ ಅಲ್ಲದ ಹಾಗೆ.
ಮತ್ತೆ ನನ್ನತ್ತ ತಿರುಗಿ,
'ಎಷ್ಟ ದಿನ ಹಿಡೀತದ್ರೀ? ನಮಗ ಬಸ್ಸಿನ್ಯಾಗ ಒಂದು ರಾತ್ರಿ.'
ಗೊತ್ತಿಲ್ಲ ಅಂದೆ.
ಇಪ್ಪತ್ತು ವರ್ಷ ನಕ್ಷೆ ಬರೆದವಳಿಗೆ
ನಿಜಕ್ಕೂ ಗೊತ್ತಿರಲಿಲ್ಲ.

ಸೋಮವಾರ. ಮೇಜಿನ ಮೇಲೆ ಹದಿನೇಳನೇ ಹಾಳೆ.
ಸಾಹೇಬರ ಸಹಿಯ ಮುಂಚೆ ಕೊನೆಯ ಕಾಲಂ, ಷರಾ.
ಅಲ್ಲಿ ಯಾವತ್ತೂ ಮರಾಠಿಯಲ್ಲಿ 'ನಿರಂಕ' ಅಂತ ತುಂಬುತ್ತೇನೆ,
ಅಂದರೆ ಸೊನ್ನೆ, ಅಂದರೆ ಮನೆಗೆ ಹೋಗಬಹುದು.
ಇವತ್ತು ಪೆನ್ಸಿಲಿನಲ್ಲಿ ಬರೆದೆ
(ಶಾಯಿಯ ಅಧಿಕಾರ ನನಗಿಲ್ಲ):
ಇಲ್ಲಿ ನೀರು ಬರುತ್ತದೆ. ಶ್ರಾವಣದಲ್ಲಿ ಮೊಳಕಾಲುದ್ದ.
ಕಂಡವರು: ಸಾಬಮ್ಮ, ಇಯತ್ತೆ ಮೂರು.

ರಬ್ಬರು ಸಾಹೇಬರ ಡ್ರಾಯರಿನಲ್ಲಿದೆ, ಹೊಸದು.
ಒರೆಸಲಿ.
ಬಹಳ ಒತ್ತಿ ಬರೆದಿದ್ದೆ ಅಂತ ಕಾಣುತ್ತದೆ.
ಎತ್ತಿ ನೋಡಿದರೆ
ಅಡಿಯ ಹದಿನೆಂಟನೇ ಹಾಳೆಗೂ
ಗೀರು ಇಳಿದಿತ್ತು.